ಕಾಲಿಗೆ ಹಿತವಾದ ಚಪ್ಪಲಿ: ಕೊಳ್ಳುವ ಮುನ್ನ ತಿಳಿಯಬೇಕಾದದ್ದು



ಆಸ್ಪತ್ರೆಗೆ ದಾಖಲಾಗಲು ಬರುವಾಗ ಹೊದಿಕೆ, ತಟ್ಟೆ, ಲೋಟ, ಫ್ಲಾಸ್ಕು ಎಲ್ಲವನ್ನೂ ನೆನಪಿಟ್ಟು ತರುತ್ತೀರಿ. ಚಪ್ಪಲಿಯ ಬಗ್ಗೆ ಮಾತ್ರ ಹೆಚ್ಚಿನವರು ಯೋಚಿಸುವುದಿಲ್ಲ. ಹೊರಡುವ ಗಡಿಬಿಡಿಯಲ್ಲಿ ಬಾಗಿಲ ಬಳಿ ಕಂಡದ್ದನ್ನು ಮೆಟ್ಟಿಕೊಂಡು ಬಂದಿರುತ್ತೀರಿ. ಎಷ್ಟೋ ವೇಳೆ ಅದು ಹಿಮ್ಮಡಿಯ ಕಡೆ ಸವೆದು ತೆಳ್ಳಗಾದ ಹವಾಯಿ ಚಪ್ಪಲಿ, ಇಲ್ಲವೇ ಮಗನದೋ ಮೊಮ್ಮಗನದೋ ದೊಡ್ಡ ಅಳತೆಯ ಚಪ್ಪಲಿ. ವಾರ್ಡಿನಿಂದ ಬಚ್ಚಲಿಗೆ, ಅಲ್ಲಿಂದ ಎಕ್ಸ್‌ರೇ ಕೋಣೆಗೆ, ರಕ್ತಪರೀಕ್ಷೆಯ ಕೋಣೆಗೆ ಅದರಲ್ಲೇ ಓಡಾಟ. ಬಂದ ಕಾಯಿಲೆ ಗುಣವಾಗುತ್ತಿರುವಾಗಲೇ ಒದ್ದೆ ನೆಲದಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡವರಿದ್ದಾರೆ. ಬಾರು ಉಜ್ಜಿ ಆದ ಸಣ್ಣ ಗಾಯವನ್ನು ಲಕ್ಷಿಸದೆ, ಅದು ಕೀವಾಗಿ, ಕೊನೆಗೆ ಬೆರಳು ತೆಗೆಸಿಕೊಂಡವರೂ ಇದ್ದಾರೆ. ಹೀಗಾಗಿ ಔಷಧದ ಚೀಟಿಯಷ್ಟೇ ಗಮನವನ್ನು ಕಾಲಿಗೆ ಹಾಕುವ ಚಪ್ಪಲಿಗೂ ಕೊಡಬೇಕು ಎಂಬುದು ನಮ್ಮ ವಿನಂತಿ.

ಮೊದಲು ಒಂದು ಪ್ರಶ್ನೆ

ನರಗಳ ತೊಂದರೆ ಇರಬಹುದೆಂದು ಸಂಶಯ ಬಂದಾಗ ವೈದ್ಯರು ಒಂದು ಪ್ರಶ್ನೆ ಕೇಳುವುದುಂಟು: "ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿ ಹೋಗುತ್ತದೆಯೇ? ಹೋದರೆ ನಿಮಗೆ ಗೊತ್ತಾಗುತ್ತದೆಯೇ?" ಕೇಳುವವರಿಗೆ ಇದು ಕಾಡುಹರಟೆಯಂತೆ ಕಾಣಬಹುದು. ಆದರೆ ಇದಕ್ಕೆ ಬರುವ ಉತ್ತರದಿಂದ ಬಹಳ ವಿಷಯ ತಿಳಿಯುತ್ತದೆ. ಚಪ್ಪಲಿ ಜಾರುವುದು ಗೊತ್ತಾಗಿಯೂ ಬೆರಳಿನಿಂದ ಹಿಡಿದಿಟ್ಟುಕೊಳ್ಳಲು ಆಗದಿದ್ದರೆ ಪಾದದ ಸ್ನಾಯುಗಳ ಶಕ್ತಿ ಕುಂದಿದೆ ಎಂದು ಊಹಿಸುತ್ತಾರೆ. ಚಪ್ಪಲಿ ಕಳಚಿ ಹಿಂದೆ ಉಳಿದರೂ ಗೊತ್ತಾಗದೆ ನಾಲ್ಕು ಹೆಜ್ಜೆ ಮುಂದೆ ಹೋಗಿ, ಬೇರೆಯವರು ಕೂಗಿ ಹೇಳಿದ ಮೇಲೆ ತಿರುಗಿ ನೋಡುವಂತಾದರೆ ಪಾದದ ಸ್ಪರ್ಶಜ್ಞಾನವೇ ಕಡಿಮೆಯಾಗಿದೆ ಎಂದರ್ಥ. ಸಕ್ಕರೆ ಕಾಯಿಲೆ ಹತ್ತಾರು ವರ್ಷಗಳಿಂದ ಇರುವವರಲ್ಲಿ ಇದು ಸಾಮಾನ್ಯ. ಕುಷ್ಠರೋಗ ವಾಸಿಯಾದವರಲ್ಲಿ, ಬಹಳ ಕಾಲ ಮದ್ಯಪಾನ ಮಾಡಿದವರಲ್ಲಿ, ಬೆನ್ನುಹುರಿಗೆ ಪೆಟ್ಟಾದವರಲ್ಲಿಯೂ ಕಾಣುತ್ತದೆ.

ಈ ಪಾಠದಲ್ಲಿ ನಾವು ಹೇಳಬೇಕೆಂದಿರುವ ಮುಖ್ಯ ಮಾತು ಇದಕ್ಕೇ ಸಂಬಂಧಿಸಿದ್ದು. ಅಂಗಡಿಯಲ್ಲಿ ಎಲ್ಲರೂ ಚಪ್ಪಲಿ ಆರಿಸುವ ಕ್ರಮ ಒಂದೇ. ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು "ಹಿತವಾಗಿದೆ, ಕೊಡಿ" ಎನ್ನುವುದು. ಸ್ಪರ್ಶ ಚೆನ್ನಾಗಿರುವ ಕಾಲಿಗೆ ಈ ಕ್ರಮ ಸಾಕು. ಕಾಲೇ ಸರಿ ತಪ್ಪು ಹೇಳುತ್ತದೆ. ಸ್ಪರ್ಶ ಕುಂದಿದ ಕಾಲು ಹಾಗಲ್ಲ. ಬಿಗಿಯಾದದ್ದನ್ನೂ ಅದು ಹಿತವೆನ್ನುತ್ತದೆ. ಅಷ್ಟೇ ಅಲ್ಲ, ಸರಿಯಾದ ಅಳತೆಯ ಚಪ್ಪಲಿ ಸಡಿಲವೆನಿಸಿ, ಬಿಗಿಯಾದದ್ದೇ "ಕಾಲಿಗೆ ಹಿಡಿದಂತಿದೆ" ಎಂದು ಬೇಕೆಂದೇ ಒಂದು ನಂಬರು ಕಡಿಮೆ ಕೊಳ್ಳುವವರೂ ಉಂಟು. ಇಂಥವರು ಕಾಲಿನ ಮಾತು ಕೇಳದೆ ಕಣ್ಣಿನಿಂದ, ಕೈಯಿಂದ, ಅಳತೆಯಿಂದ ಚಪ್ಪಲಿ ಆರಿಸಬೇಕು.

ಸ್ಪರ್ಶವಿದೆಯೋ ಇಲ್ಲವೋ ಮನೆಯಲ್ಲೇ ನೋಡುವುದು ಹೇಗೆ?

ಆಸ್ಪತ್ರೆಯಲ್ಲಿ ಇದಕ್ಕೆ ಮೊನೊಫಿಲಮೆಂಟ್ ಎಂಬ ನೈಲಾನ್ ಎಳೆಯನ್ನು ಬಳಸುತ್ತೇವೆ. ಪಾದಕ್ಕೆ ಒತ್ತಿದಾಗ 10 ಗ್ರಾಂ ಒತ್ತಡಕ್ಕೆ ಅದು ಬಾಗುತ್ತದೆ. ಅಷ್ಟು ಒತ್ತಡವೂ ತಿಳಿಯದಿದ್ದರೆ ಆ ಪಾದಕ್ಕೆ ಗಾಯದ ಅಪಾಯವಿದೆ. ಆದರೆ ಎಳೆಯಿಲ್ಲದೆಯೂ ನೋಡುವ ಒಂದು ವಿಧಾನವಿದೆ. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ಆಸ್ಪತ್ರೆಯಲ್ಲಿ ರೂಪುಗೊಂಡದ್ದರಿಂದ ಇದಕ್ಕೆ ಇಪ್ಸ್‌ವಿಚ್ ಸ್ಪರ್ಶ ಪರೀಕ್ಷೆ ಎನ್ನುತ್ತಾರೆ. ಜೊತೆಗಿರುವ ಸಂಬಂಧಿಕರು ಈಗಲೇ, ಈ ಹಾಸಿಗೆಯ ಪಕ್ಕದಲ್ಲೇ ಮಾಡಿ ನೋಡಬಹುದು.

ರೋಗಿಯನ್ನು ಮಲಗಿಸಿ ಕಣ್ಣು ಮುಚ್ಚಲು ಹೇಳಿ. "ಮುಟ್ಟಿದ್ದು ಗೊತ್ತಾದ ಕೂಡಲೇ ಬಲಗಾಲೋ ಎಡಗಾಲೋ ಹೇಳಿರಿ" ಎನ್ನಿ. ನಿಮ್ಮ ತೋರುಬೆರಳಿನ ತುದಿಯಿಂದ ಅವರ ಹೆಬ್ಬೆರಳು, ನಡುಬೆರಳು, ಕಿರುಬೆರಳು ಈ ಮೂರರ ತುದಿಯನ್ನು ಒಂದೊಂದಾಗಿ ಮೆಲ್ಲಗೆ ಮುಟ್ಟಿ. ಎರಡೂ ಕಾಲು ಸೇರಿ ಆರು ಕಡೆ ಆಯಿತು. ಒಂದೆರಡು ಸೆಕೆಂಡು ಮುಟ್ಟಿದರೆ ಸಾಕು. ಒತ್ತಬಾರದು, ತಟ್ಟಬಾರದು, ಕಚಗುಳಿ ಇಡಬಾರದು. ಗೊತ್ತಾಗಲಿಲ್ಲವೆಂದು ಮತ್ತೆ ಜೋರಾಗಿ ಮುಟ್ಟಿ ಪಾಸು ಮಾಡಿಸುವುದೂ ಬೇಡ. ಅಪ್ಪನ ಮೇಲಿನ ಪ್ರೀತಿಯಿಂದ ಮಕ್ಕಳು ಹೀಗೆ ಮಾಡುವುದನ್ನು ನಾವು ನೋಡುತ್ತಲೇ ಇರುತ್ತೇವೆ. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ಗೊತ್ತಾಗದಿದ್ದರೆ ಸ್ಪರ್ಶ ಕಡಿಮೆಯಾಗಿದೆ ಎಂದು ತಿಳಿದು ದಾದಿಯರಿಗೆ ಅಥವಾ ವೈದ್ಯರಿಗೆ ಹೇಳಿ. ಇನ್ನು ಮುಂದೆ ಈ ಲೇಖನದಲ್ಲಿ "ಸ್ಪರ್ಶ ಕುಂದಿದ ಕಾಲು" ಎಂದು ಬಂದಲ್ಲೆಲ್ಲ ಅದು ನಿಮಗೆ ಸಂಬಂಧಿಸಿದ್ದು ಎಂದು ಓದಿಕೊಳ್ಳಿ.

ಉಂಗುಷ್ಟದ ಚಪ್ಪಲಿಯೋ, ಸ್ಲೈಡ್ ಚಪ್ಪಲಿಯೋ?

ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವೆ ಉಂಗುಷ್ಟ ಬಂದು, ಅಲ್ಲಿಂದ ಎರಡು ಬಾರು ಇಳಿಯುವುದು ಹವಾಯಿ ಚಪ್ಪಲಿ. ಉಂಗುಷ್ಟವಿಲ್ಲದೆ ಪಾದದ ಮೇಲೆ ಅಡ್ಡಲಾಗಿ ಒಂದೇ ಅಗಲ ಪಟ್ಟಿ ಇರುವುದಕ್ಕೆ ಈಗ ಸ್ಲೈಡ್ ಎನ್ನುತ್ತಾರೆ. ಹುಡುಗರ ಫ್ಯಾಷನ್ ಎಂದು ಹಿರಿಯರು ಮೂಗು ಮುರಿಯುತ್ತಾರಾದರೂ ಕೆಲವು ರೋಗಿಗಳಿಗೆ ಇದು ನಿಜಕ್ಕೂ ಅನುಕೂಲ.

ಬಾಣಂತಿಯರಿಗೆ, ಮೂತ್ರಪಿಂಡ ಅಥವಾ ಹೃದಯದ ತೊಂದರೆಯಿಂದ ಪಾದ ಊದಿಕೊಂಡವರಿಗೆ, ಪಟ್ಟಿಯನ್ನು ಸಡಿಲಿಸಿ ಬಿಗಿಮಾಡುವ ವೆಲ್ಕ್ರೋ ಇರುವ ಸ್ಲೈಡ್ ಒಳ್ಳೆಯದು. ಬೆಳಿಗ್ಗೆಗೂ ಸಂಜೆಗೂ ಊತ ಬದಲಾದಂತೆ ಪಟ್ಟಿಯನ್ನೂ ಬದಲಾಯಿಸಬಹುದು. ಬೆರಳ ಸಂದಿಯಲ್ಲಿ ನೀರುಹುಣ್ಣು ಆದವರಿಗೆ ಉಂಗುಷ್ಟ ತಾಗುವುದಿಲ್ಲ. ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು, ಸೊಂಟ ಬಗ್ಗಿಸಲಾಗದವರು ನಿಂತಲ್ಲೇ ಕಾಲು ತೂರಿಸಬಹುದು.

ಆದರೆ ಸ್ಲೈಡಿಗೆ ಹಿಂದೆ ಹಿಡಿತವಿಲ್ಲ ಎಂಬುದನ್ನು ಮರೆಯಬಾರದು. ಪಟ್ಟಿ ಸಡಿಲವಾದರೆ ಅದು ಕಳಚದಂತೆ ಬೆರಳುಗಳು ಪ್ರತಿ ಹೆಜ್ಜೆಗೂ ಮುದುರಿ ಅಟ್ಟೆಯನ್ನು ಕಚ್ಚಿ ಹಿಡಿಯುತ್ತವೆ. ಪಾದ ಎತ್ತಿ ಇಡುವ ಬದಲು ಎಳೆದು ನಡೆಯುವ ರೂಢಿ ಬೀಳುತ್ತದೆ. ಬೆರಳ ತುದಿಗಳ ಮೇಲೆ ಭಾರ ಬಿದ್ದು ಚರ್ಮ ಗಟ್ಟಿಯಾಗುತ್ತದೆ. ಸವೆದ ಹವಾಯಿಯಲ್ಲೂ ಇದೇ ಕಥೆ. ಲಕ್ವ ಹೊಡೆದು ಒಂದು ಕಡೆ ಶಕ್ತಿ ಕುಂದಿದವರು, ಕೈಕಾಲು ನಡುಗುವ ಕಾಯಿಲೆಯವರು, ವಾಕರ್ ಅಥವಾ ಕೋಲು ಹಿಡಿದು ನಡೆಯುವವರು, ಮೊಣಕಾಲು ಇಲ್ಲವೇ ಸೊಂಟದ ಕೀಲು ಬದಲಾಯಿಸಿಕೊಂಡವರು ದಯವಿಟ್ಟು ಸ್ಲೈಡ್ ಹಾಕಿ ನಡೆಯಬೇಡಿ. ಅದರ ಮುಂಭಾಗ ನೆಲಕ್ಕೆ ಸಿಕ್ಕಿಕೊಂಡರೆ ಮುಗ್ಗರಿಸುವುದು ಖಂಡಿತ. ಇವರಿಗೆ ಹಿಮ್ಮಡಿಯ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಬೇಕು. ಸ್ಪರ್ಶ ಕುಂದಿದ ಕಾಲಿನವರಿಗೂ ಅದೇ ಬೇಕು. ಅವರಿಗೆ ಉಂಗುಷ್ಟದ ಚಪ್ಪಲಿಯಂತೂ ಸರಿಯಲ್ಲ. ಬೆರಳ ಸಂದಿಯ ಗಾಯ ಕಣ್ಣಿಗೆ ಬೀಳುವುದು ತಡವಾಗಿ.

ನಮ್ಮ ಭಾಗದವರು ಕೊಲ್ಲಾಪುರಿ ಚಪ್ಪಲಿಯ ಬಗ್ಗೆ ಕೇಳದೆ ಬಿಡುವುದಿಲ್ಲ. ಹೆಸರು ಕೊಲ್ಲಾಪುರದ್ದಾದರೂ ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳ ಕೈಯಲ್ಲೂ ಅದು ತಲೆಮಾರುಗಳಿಂದ ತಯಾರಾಗುತ್ತಿದೆ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದವು. ಆರೋಗ್ಯವಂತ ಕಾಲಿಗೆ, ಎಣ್ಣೆ ಹಚ್ಚಿ ಮೆದುಮಾಡಿಕೊಂಡ ಮೇಲೆ, ಅದು ಬಹುಕಾಲ ಬಾಳುವ ಒಳ್ಳೆಯ ಚಪ್ಪಲಿಯೇ. ಆದರೆ ಅದರ ಅಟ್ಟೆ ಗಟ್ಟಿ ತೊಗಲಿನದು, ಮೆತ್ತೆ ಇಲ್ಲ, ಹೊಸತರಲ್ಲಿ ಕಚ್ಚುತ್ತದೆ. ಕಚ್ಚುವುದು ಗೊತ್ತಾಗುವ ಕಾಲು ಎರಡು ದಿನ ಕುಂಟಿ ಹೊಂದಿಕೊಳ್ಳುತ್ತದೆ. ಗೊತ್ತಾಗದ ಕಾಲಿಗೆ ಎರಡೇ ದಿನದಲ್ಲಿ ಹುಣ್ಣಾಗುತ್ತದೆ.

ಅಂಗಡಿಗೆ ರೋಗಿ ಹೋಗಲಾಗದಿದ್ದರೆ

ಹೆಚ್ಚಿನ ಬಾರಿ ಆಗುವುದು ಹೀಗೆಯೇ. ಅಜ್ಜ ಹಾಸಿಗೆಯಲ್ಲಿರುತ್ತಾರೆ, ಮಗ ಪೇಟೆಗೆ ಹೋಗಿ "ಎಂಟನೇ ನಂಬರು ಕೊಡಿ" ಎಂದು ತರುತ್ತಾನೆ. ನಂಬರನ್ನು ಮಾತ್ರ ನಂಬಬೇಡಿ. ಒಂದು ನಂಬರಿಗೂ ಮುಂದಿನ ನಂಬರಿಗೂ ಉದ್ದದಲ್ಲಿ ಸುಮಾರು ಎಂಟೂವರೆ ಮಿಲಿಮೀಟರ್ ವ್ಯತ್ಯಾಸ ಇರಬೇಕೆಂಬುದು ಲೆಕ್ಕ. ಆದರೆ ಒಂದು ಕಂಪನಿಯ ಎಂಟು ಇನ್ನೊಂದರ ಏಳಕ್ಕೆ ಸಮನಾಗಿರುವುದು ಅಪರೂಪವಲ್ಲ. ಅಗಲವನ್ನಂತೂ ನಂಬರು ಹೇಳುವುದೇ ಇಲ್ಲ. ಬರಿಗಾಲಲ್ಲಿ ಹೊಲದ ಕೆಲಸ ಮಾಡಿದವರ ಪಾದ ಮುಂದೆ ಅಗಲವಾಗಿರುತ್ತದೆ. ಉದ್ದಕ್ಕೆ ಸರಿಹೋದ ಚಪ್ಪಲಿಯಿಂದ ಅವರ ಕಿರುಬೆರಳು ಹೊರಗೆ ಇಣುಕುತ್ತದೆ.

ಅದಕ್ಕೆ ಹೀಗೆ ಮಾಡಿ. ಸಂಜೆಯ ಹೊತ್ತು ಎರಡು ದಪ್ಪ ಕಾಗದ ನೆಲದ ಮೇಲೆ ಹಾಸಿ. ಕ್ಯಾಲೆಂಡರಿನ ಹಳೆಯ ಹಾಳೆ ಒಳ್ಳೆಯದು. ನಿಲ್ಲಲು ಆಗುವವರಾದರೆ ಹಿಡಿದು ನಿಲ್ಲಿಸಿ, ಆಗದಿದ್ದರೆ ಕುರ್ಚಿಯಲ್ಲಿ ಕೂರಿಸಿ ಪಾದವನ್ನು ಪೂರ್ತಿ ಊರಿಸಿ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಯಿರಿ. ಪೆನ್ಸಿಲು ಒಳಕ್ಕೆ ವಾಲಿದರೆ ಅಳತೆ ಚಿಕ್ಕದಾಗುತ್ತದೆ. ಎರಡೂ ಪಾದಗಳದ್ದನ್ನು ಬೇರೆಬೇರೆ ತೆಗೆಯಿರಿ, ಏಕೆಂದರೆ ಎರಡೂ ಸಮವಾಗಿರುವವರು ಕಡಿಮೆ. ದೊಡ್ಡ ಪಾದಕ್ಕೆ ಸರಿಯಾಗುವುದನ್ನೇ ಕೊಳ್ಳಬೇಕು. ಸಂಜೆ ಎಂದದ್ದು ಏಕೆಂದರೆ ದಿನವಿಡೀ ಕಾಲು ಇಳಿಬಿಟ್ಟು ಕುಳಿತೋ ನಿಂತೋ ಇದ್ದ ಪಾದ ಬೆಳಗಿನದಕ್ಕಿಂತ ತುಸು ಹಿಗ್ಗಿರುತ್ತದೆ. ಜೊತೆಗೆ ಒಂದು ದಾರ ತೆಗೆದುಕೊಂಡು ಪಾದದ ಉಬ್ಬಿನ ಸುತ್ತ ಅಳೆದು ಗಂಟು ಹಾಕಿಕೊಳ್ಳಿ. ಪಟ್ಟಿ ಎಷ್ಟು ಎತ್ತರವಿರಬೇಕೆಂದು ಅದು ಹೇಳುತ್ತದೆ.

ಗೆರೆಯ ಗುಂಟ ಕತ್ತರಿಸಿದ ಕಾಗದದ ಪಾದವನ್ನು ಅಂಗಡಿಗೆ ಒಯ್ದು ಚಪ್ಪಲಿಯ ಮೇಲಿಡಿ. ಎಲ್ಲಿಯೂ ಮಡಚಬಾರದು, ಅಂಚು ಮೇಲೆದ್ದು ನಿಲ್ಲಬಾರದು, ಹೊರಗೆ ಚಾಚಬಾರದು. ಉದ್ದದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಉಳಿಯಬೇಕು. ಎಲ್ಲರಿಗೂ ಹೆಬ್ಬೆರಳೇ ಉದ್ದವಲ್ಲ. ಎರಡನೇ ಬೆರಳು ಉದ್ದವಿರುವವರು ಅದರಿಂದ ಲೆಕ್ಕ ಹಿಡಿಯಬೇಕು. ಸ್ಪರ್ಶ ಕುಂದಿದ ಕಾಲಿನವರು ತಾವೇ ಅಂಗಡಿಗೆ ಹೋದರೂ ಈ ಕಾಗದವನ್ನು ಒಯ್ಯುವುದು ಒಳಿತು.

ಕೈಯಲ್ಲಿ ಹಿಡಿದು ನೋಡುವುದು

ಅಂಗಡಿಯವರು "ಡಾಕ್ಟರ್ ಚಪ್ಪಲಿ", "ಆರ್ಥೋ ಚಪ್ಪಲಿ" ಎಂದು ತೋರಿಸುತ್ತಾರೆ. ಪೆಟ್ಟಿಗೆಯ ಮೇಲೆ ಹೆಸರು ಹಾಕಿದ ಮಾತ್ರಕ್ಕೆ ಅದನ್ನು ವೈದ್ಯರು ನಿಮಗಾಗಿ ಬರೆದುಕೊಟ್ಟಂತೆ ಆಗಲಿಲ್ಲ. ಅವುಗಳಲ್ಲಿ ಒಳ್ಳೆಯವೂ ಇವೆ, ಬರೀ ಬಣ್ಣದವೂ ಇವೆ. ನಿಮ್ಮ ಕೈಯೇ ಪರೀಕ್ಷಕ.

ಹೆಬ್ಬೆರಳಿನಿಂದ ಒಳ ಅಟ್ಟೆಯನ್ನು ಒತ್ತಿ. ಸ್ವಲ್ಪ ತಗ್ಗಿ, ಬಿಟ್ಟ ಕೂಡಲೇ ಮೇಲೇಳಬೇಕು. ತಗ್ಗದಿದ್ದರೆ ಗಡಸು. ತಗ್ಗಿ ಹಾಗೆಯೇ ಕುಳಿತರೆ ಅದು ವಾರದಲ್ಲಿ ಚಪ್ಪಟೆಯಾಗುವ ಸ್ಪಂಜು, ಈ ಎರಡನೆಯದೇ ಅಂಗಡಿಯಲ್ಲಿ ಎಲ್ಲಕ್ಕಿಂತ ಹಿತವೆನಿಸುವುದು! ಆಮೇಲೆ ಹೊರ ಅಟ್ಟೆಯನ್ನು ಉಗುರಿನಿಂದ ಒತ್ತಿ ನೋಡಿ. ಇದು ಗಟ್ಟಿಯಾಗಿರಬೇಕು. ನಮ್ಮ ಹೊಲಗಳ ಬದುವಿನ ಜಾಲಿಮುಳ್ಳು ಬರೀ ಮೆತ್ತನೆಯ ಚಪ್ಪಲಿಯನ್ನು ಸಲೀಸಾಗಿ ತೂರಿ ಬರುತ್ತದೆ. ಕಾಲಿಗೆ ತಾಗುವುದು ಮೆತ್ತಗೆ, ನೆಲಕ್ಕೆ ತಾಗುವುದು ಗಟ್ಟಿ, ಹೀಗೆ ಎರಡು ಪದರ ಇರುವುದನ್ನು ಹುಡುಕಿ.

ಚಪ್ಪಲಿಯ ಮುಂದು ಹಿಂದು ಹಿಡಿದು ಒದ್ದೆ ಬಟ್ಟೆ ಹಿಂಡುವಂತೆ ತಿರುಚಿ. ಸುಲಭವಾಗಿ ಹಿಂಡಿಕೊಂಡರೆ ಅದು ಪಾದಕ್ಕೆ ಆಧಾರ ಕೊಡುವುದಿಲ್ಲ. ಬಾಗಿಸಿದಾಗ ಬೆರಳುಗಳ ಬುಡ ಬರುವ ಜಾಗದಲ್ಲಿ ಬಾಗಬೇಕು, ನಟ್ಟನಡುವೆ ಮಡಚಬಾರದು. ಕೊನೆಗೆ ಒಳಗೆಲ್ಲ ಬೆರಳಾಡಿಸಿ. ಮೊಳೆಯ ತುದಿ, ಹೊಲಿಗೆಯ ಗಂಟು, ಪಟ್ಟಿಯ ಚೂಪು ಅಂಚು ಕೈಗೆ ಸಿಕ್ಕರೆ ಆ ಜೊತೆ ಬೇಡ. ಮೊಳೆ ಹೊಡೆದು ಕೂಡಿಸಿದ ಚಪ್ಪಲಿಯನ್ನು ಸ್ಪರ್ಶ ಕುಂದಿದ ಕಾಲಿಗೆ ಎಂದೂ ಹಾಕಬಾರದು. ಅಟ್ಟೆ ಸವೆದಂತೆ ಮೊಳೆ ಮೇಲೇಳುತ್ತದೆ.

ಬಣ್ಣದ ಬಗ್ಗೆಯೂ ಒಂದು ಸಲಹೆ: ಒಳ ಅಟ್ಟೆ ತಿಳಿಬಣ್ಣದ್ದಿರಲಿ. ಕೊಳೆ ಕಾಣುತ್ತದೆಂದು ಹೆಂಗಸರು ಕಪ್ಪು, ಕಂದು ಆರಿಸುತ್ತಾರೆ. ಆದರೆ ರಕ್ತದ ಅಥವಾ ಕೀವಿನ ಕಲೆ ತಿಳಿಬಣ್ಣದಲ್ಲಿ ಬೇಗ ಕಾಣುತ್ತದೆ. ನೋವು ತಿಳಿಯದ ಕಾಲಿಗೆ ಈ ಕಲೆಯೇ ಮೊದಲ ಸುದ್ದಿ.

ಒಳಗೆಲ್ಲ ಗುಬಟು ಗುಬಟಾಗಿರುವ ಆಕ್ಯುಪ್ರೆಶರ್ ಚಪ್ಪಲಿಗಳು ಜಾತ್ರೆಯಲ್ಲಿ, ಬಸ್ ನಿಲ್ದಾಣದಲ್ಲಿ ಮಾರಾಟವಾಗುತ್ತವೆ. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಯಾರೋ ಹೇಳಿದರೆಂದು ತಂದುಕೊಡುವ ಸಂಬಂಧಿಕರಿದ್ದಾರೆ. ಈ ಒಂದು ವಿಷಯದಲ್ಲಿ ನಾವು ಸ್ವಲ್ಪ ಕಠಿಣವಾಗಿಯೇ ಹೇಳುತ್ತೇವೆ: ಸ್ಪರ್ಶ ಕುಂದಿದ ಪಾದಕ್ಕೆ ಅದನ್ನು ಹಾಕಿಸಬೇಡಿ. ಆ ಗುಬಟುಗಳ ಮೇಲೆ ಇಡೀ ಮೈಭಾರ ಬಿದ್ದು ಚರ್ಮದಡಿಯಲ್ಲಿ ರಕ್ತ ಹೆಪ್ಪುಗಟ್ಟಿ ಹುಣ್ಣಾಗುತ್ತದೆ.

ಎಂ.ಸಿ.ಆರ್. ಚಪ್ಪಲಿ ಎಂದರೇನು?

ಸಕ್ಕರೆ ಕಾಯಿಲೆಯವರಿಗೆ ವೈದ್ಯರು "ಎಂ.ಸಿ.ಆರ್. ಚಪ್ಪಲಿ" ಎಂದು ಬರೆದುಕೊಡುತ್ತಾರೆ. ಮೈಕ್ರೋ ಸೆಲ್ಯುಲಾರ್ ರಬ್ಬರ್ ಎಂಬುದರ ಚಿಕ್ಕ ರೂಪ ಇದು. ರಬ್ಬರಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳಿರುವುದರಿಂದ ಭಾರವನ್ನು ಪಾದದ ಎಲ್ಲ ಕಡೆಗೂ ಹಂಚುತ್ತದೆ. ಇದರ ಹಿಂದೆ ದೊಡ್ಡ ಕಥೆಯಿದೆ. 1946ರಲ್ಲಿ ತಮಿಳುನಾಡಿನ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಶಸ್ತ್ರವೈದ್ಯ ಡಾ. ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಕೈಕಾಲುಗಳನ್ನು ಬಹುಕಾಲ ಅಭ್ಯಾಸ ಮಾಡಿದರು. ಆ ರೋಗದಲ್ಲಿ ಬೆರಳುಗಳು ತಾವಾಗಿಯೇ ಕೊಳೆತು ಉದುರುತ್ತವೆ ಎಂದು ಜನ ನಂಬಿದ್ದ ಕಾಲ ಅದು. ಹಾಗಲ್ಲ, ನೋವು ತಿಳಿಯದ ಕಾರಣ ಆ ಪಾದ ಮತ್ತೆ ಮತ್ತೆ ಪೆಟ್ಟು ತಿನ್ನುತ್ತದೆ, ಗಾಯದ ಮೇಲೆಯೇ ನಡೆಯುತ್ತದೆ, ಅದರಿಂದಲೇ ನಾಶವಾಗುತ್ತದೆ ಎಂದು ಅವರು ತೋರಿಸಿದರು. ಪಾದವನ್ನು ಉಳಿಸುವ ಪಾದರಕ್ಷೆಯ ಕೆಲಸ ನಮ್ಮ ದೇಶದಲ್ಲಿ ಅಲ್ಲಿಂದ ಬೆಳೆಯಿತು. ಇಂದು ಅದೇ ತಿಳಿವಳಿಕೆ ಸಕ್ಕರೆ ಕಾಯಿಲೆಯವರ ಕಾಲನ್ನು ಉಳಿಸುತ್ತಿದೆ.

ಕೆಲವು ಮನೆಗಳಲ್ಲಿ "ಅದು ಕುಷ್ಠದವರ ಚಪ್ಪಲಿ, ನೋಡಿದವರು ಏನೆಂದುಕೊಂಡಾರು" ಎಂದು ಬೇಡವೆನ್ನುತ್ತಾರೆ. ಈಗ ಎಂ.ಸಿ.ಆರ್. ಅಟ್ಟೆಯ ಮೇಲೆ ಸಾಮಾನ್ಯ ಸ್ಯಾಂಡಲಿನಂತೆಯೇ ಕಾಣುವ ಪಟ್ಟಿಗಳಿರುವ ಜೊತೆಗಳು ದೊರೆಯುತ್ತವೆ. ಒಳ್ಳೆಯ ಕಸುಬುದಾರರಾದರೆ ನಿಮ್ಮ ಪಾದದ ಅಳತೆಗೇ ಮಾಡಿಕೊಡುತ್ತಾರೆ. ಬಾರು ಎಲ್ಲಿ ಉಜ್ಜುತ್ತಿದೆ ಎಂದು ತೋರಿಸಿದರೆ ಅಲ್ಲಿ ಮೆತ್ತನೆಯ ಅಸ್ತರಿ ಹಚ್ಚಿಕೊಡುತ್ತಾರೆ. ಬಸವಣ್ಣನವರ ಕಾಲದ ಶರಣ ಹರಳಯ್ಯನವರದೂ ಇದೇ ಕಾಯಕ. ಅವರ ಬಳಿ ಚೌಕಾಸಿಗಿಂತ ಹೆಚ್ಚಾಗಿ ಕಾಲು ತೋರಿಸಿ ಮಾತಾಡಿ.

ಈಗಾಗಲೇ ಅಂಗಾಲಲ್ಲಿ ಹುಣ್ಣು ಇರುವವರು ಮಾತ್ರ ಯಾವ ಚಪ್ಪಲಿಯನ್ನೂ ತಾವಾಗಿ ಕೊಳ್ಳಬೇಡಿ. ಹುಣ್ಣಿನ ಮೇಲೆ ಭಾರ ಬೀಳದಂತೆ ಮಾಡುವ ವಿಧಾನವೇ ಬೇರೆ, ಅದನ್ನು ವೈದ್ಯರು ನಿರ್ಧರಿಸುತ್ತಾರೆ.

ಹೊಸ ಚಪ್ಪಲಿ ಮನೆಗೆ ಬಂದ ಮೇಲೆ

ಹೊಸ ಜೊತೆಯನ್ನು ಮೊದಲ ದಿನವೇ ಹಾಕಿಕೊಂಡು ಸಂತೆಗೆ, ಮದುವೆಗೆ ಹೋಗಬೇಡಿ. ಮೊದಲ ದಿನ ಮನೆಯೊಳಗೆ ಒಂದು ಗಂಟೆ ಹಾಕಿ, ತೆಗೆದು, ಪಾದವನ್ನು ನೋಡಿ. ಎಲ್ಲಾದರೂ ಕೆಂಪಾಗಿದೆಯೇ? ಕಪ್ಪು ಮೈಬಣ್ಣದವರಲ್ಲಿ ಕೆಂಪು ಸುಲಭವಾಗಿ ಕಾಣದು, ಅಂಗೈಯ ಹಿಂಬದಿಯಿಂದ ಮುಟ್ಟಿ ಬಿಸಿಯಾಗಿದೆಯೇ ಎಂದು ನೋಡಿ. ಗುರುತು ಸ್ವಲ್ಪ ಹೊತ್ತಿನಲ್ಲೇ ಮಾಯವಾದರೆ ಮರುದಿನ ಇನ್ನೊಂದು ಗಂಟೆ ಹೆಚ್ಚಿಸಿ. ಮಾಯವಾಗದಿದ್ದರೆ ಆ ಜಾಗದಲ್ಲಿ ಚಪ್ಪಲಿ ಒತ್ತುತ್ತಿದೆ, ಸರಿಪಡಿಸದೆ ಹಾಕಬೇಡಿ.

ಪ್ರತಿ ಸಲ ಹಾಕುವ ಮುನ್ನ ಚಪ್ಪಲಿಯನ್ನು ಕೊಡವಿ, ಒಳಗೆ ಕೈಯಾಡಿಸಿ, ತಿರುಗಿಸಿ ತಳವನ್ನೂ ನೋಡಿ. ಒಬ್ಬ ಹಿರಿಯರು ಇಡೀ ದಿನ ಹೊಲದಲ್ಲಿ ಓಡಾಡಿ ಸಂಜೆ ಕಟ್ಟೆಯ ಮೇಲೆ ಕುಳಿತಾಗ ಸೊಸೆ "ಮಾವಾ, ನಿಮ್ಮ ಚಪ್ಪಲಿಗೆ ರಕ್ತ ಹತ್ತಿದೆಯಲ್ಲಾ" ಎಂದ ಮೇಲೆಯೇ ಅವರಿಗೆ ತಿಳಿದದ್ದು. ಅಟ್ಟೆ ತೂರಿ ಬಂದ ಮುಳ್ಳು ಅಂಗಾಲಿನಲ್ಲಿ ಮುರಿದು ನಿಂತಿತ್ತು. ಸೊಸೆಯ ಕಣ್ಣಿಗೆ ಬಿದ್ದದ್ದರಿಂದ ಮರುದಿನವೇ ಬಂದರು, ಪಾದ ಉಳಿಯಿತು.

ಇ.ವಿ.ಎ. ಎಂಬ ಹಗುರ ವಸ್ತುವಿನ ಚಪ್ಪಲಿಗಳನ್ನು ತೊಳೆದು ಸುಡುಬಿಸಿಲಿಗೆ ಬಿಡಬೇಡಿ, ಅವು ಕುಗ್ಗುತ್ತವೆ. ಸರಿಯಾಗಿದ್ದ ಚಪ್ಪಲಿ ಇದ್ದಕ್ಕಿದ್ದಂತೆ ಬಿಗಿಯಾಗುವುದು ಹೀಗೂ ಉಂಟು. ನೆರಳಲ್ಲಿ ಒಣಗಿಸಿ. ತಳದ ಗೀರುಗಳು ಅಳಿಸಿ ನುಣುಪಾದ ಮೇಲೆ ಆ ಚಪ್ಪಲಿ ಬಚ್ಚಲಿಗೂ ಬೇಡ. "ಹಳೆಯದು, ಬಚ್ಚಲಿಗೆ ಇರಲಿ" ಎಂದು ಎತ್ತಿಡುವ ರೂಢಿಯೇ ಹೆಚ್ಚು ಜನರನ್ನು ಬೀಳಿಸುವುದು ಎಂದು ನನ್ನ ಅನಿಸಿಕೆ. ಹಿಡಿತ ಎಲ್ಲಕ್ಕಿಂತ ಹೆಚ್ಚು ಬೇಕಾದ ಜಾಗಕ್ಕೆ ಹಿಡಿತವೇ ಇಲ್ಲದ ಜೊತೆಯನ್ನು ಇಟ್ಟಂತಾಗುತ್ತದೆ. ರಾತ್ರಿ ಎದ್ದು ಹೋಗುವವರ ಚಪ್ಪಲಿಯನ್ನು ಮಂಚದ ಕೆಳಗೆ ತಳ್ಳದೆ, ಕಾಲಿಟ್ಟರೆ ಸಿಗುವಂತೆ ಪಕ್ಕದಲ್ಲಿಡಿ. ಹೊರಡುವ ಮುಂಚೆ ದೀಪ ಹಾಕಲು ಹೇಳಿ.

ಚಪ್ಪಲಿ ಬಿಡಬೇಕಾದ ಜಾಗಗಳಲ್ಲಿ

ಗುಡಿಯಲ್ಲಿ, ಮಠದಲ್ಲಿ, ದಾಸೋಹದ ಸಾಲಿನಲ್ಲಿ ಚಪ್ಪಲಿ ಹೊರಗೆ ಬಿಡುವುದು ನಮ್ಮ ನಡೆ. ಸ್ಪರ್ಶ ಕುಂದಿದ ಕಾಲಿನವರು ಅಂಥ ಕಡೆ ಬಿಸಿಲೇರುವ ಮುನ್ನ ಅಥವಾ ಸಂಜೆ ಹೋಗುವುದು ಕ್ಷೇಮ. ಮಧ್ಯಾಹ್ನದ ಕಲ್ಲುಹಾಸು ಸುಡುವುದು ಅವರಿಗೆ ತಿಳಿಯುವುದಿಲ್ಲ, ಮನೆಗೆ ಬಂದ ಮೇಲೆ ಅಂಗಾಲಲ್ಲಿ ಬೊಬ್ಬೆ ಕಾಣುತ್ತದೆ. ಚೀಲದಲ್ಲಿ ಒಂದು ಜೊತೆ ದಪ್ಪ ಹತ್ತಿಯ ಕಾಲುಚೀಲ ಇಟ್ಟುಕೊಂಡು ಹಾಕಿಕೊಳ್ಳಿ. ಆದರೂ ಕಾದ ನೆಲದ ಮೇಲೆ ಹೆಚ್ಚು ಹೊತ್ತು ನಿಲ್ಲಬೇಡಿ. ನುಣುಪು ನೆಲದಲ್ಲಿ ಕಾಲುಚೀಲ ಜಾರುವುದರಿಂದ ಜೊತೆಗಿರುವವರು ಕೈಹಿಡಿಯಲಿ.

ಯುಗಾದಿಯ ಹೊತ್ತಿಗೆ ನಮ್ಮ ಕಡೆಯಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರು ಬಹಳ. ಬರಿಗಾಲಿನ ಹರಕೆ ಹೊತ್ತವರೂ ಇರುತ್ತಾರೆ. ಅದು ಬೇಸಿಗೆ, ಡಾಂಬರು ರಸ್ತೆ ಕಾದಿರುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಹೊರಡುವ ತಿಂಗಳ ಮುಂಚೆಯೇ ಹೊರರೋಗಿ ವಿಭಾಗಕ್ಕೆ ಬಂದು ಕಾಲು ತೋರಿಸಿ. ಸ್ಪರ್ಶ ಕುಂದಿದ್ದರೆ ಬರಿಗಾಲು ಬೇಡ ಎಂದೇ ನಾವು ಹೇಳುತ್ತೇವೆ. ಹರಕೆಯ ಮಾತನ್ನು ಮನೆಯ ಹಿರಿಯರೊಡನೆ, ಸ್ವಾಮಿಗಳೊಡನೆ ಮಾತಾಡಿಕೊಳ್ಳಿ. ಅವರು ದಾರಿ ಹೇಳದೆ ಇರಲಾರರು.

ವಾರ್ಡಿನಲ್ಲೂ ಹೊರಗಿನ ಚಪ್ಪಲಿ ಬಿಟ್ಟು ಬರಲು ಹೇಳುತ್ತೇವೆ. ಅದರರ್ಥ ರೋಗಿ ಬರಿಗಾಲಲ್ಲಿ ನಡೆಯಲಿ ಎಂದಲ್ಲ. ಒಳಗೆ ಮಾತ್ರ ಬಳಸಲು ತೊಳೆದ ಬೇರೊಂದು ಜೊತೆ ತನ್ನಿ.

ಚಪ್ಪಲಿ ಬಿಟ್ಟು ವೈದ್ಯರನ್ನು ನೋಡಬೇಕಾದಾಗ

ನಿನ್ನೆ ಸರಿಯಾಗಿದ್ದ ಚಪ್ಪಲಿ ಇಂದು ಬಿಗಿಯಾದರೆ ದೊಡ್ಡದನ್ನು ತರಲು ಓಡುವ ಮುಂಚೆ ಕಾಲನ್ನು ನೋಡಿ. ಎರಡೂ ಪಾದ ಊದಿದ್ದು, ಬೆರಳಿನಿಂದ ಒತ್ತಿದರೆ ಗುಳಿ ಉಳಿಯುತ್ತಿದ್ದರೆ ವೈದ್ಯರಿಗೆ ತಿಳಿಸಿ. ಕೆಲವು ರಕ್ತದೊತ್ತಡದ ಮಾತ್ರೆಗಳಿಂದಲೂ ಹೀಗಾಗುತ್ತದೆ. ಹಾಗೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ಮೀನಖಂಡ ನೋಯುತ್ತಿದ್ದರೆ, ಅದರಲ್ಲೂ ಶಸ್ತ್ರಚಿಕಿತ್ಸೆ ಅಥವಾ ಹೆರಿಗೆಯಾದ ವಾರಗಳಲ್ಲಿ, ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಕೂಡಲೇ ಬನ್ನಿ. ಸಕ್ಕರೆ ಕಾಯಿಲೆಯವರ ಒಂದು ಪಾದ ಕೆಂಪಾಗಿ, ಇನ್ನೊಂದಕ್ಕಿಂತ ಬಿಸಿಯಾಗಿ ಊದಿಕೊಂಡಿದ್ದರೆ, ನೋವೇ ಇಲ್ಲದಿದ್ದರೂ, ಆ ಕಾಲೂರಿ ನಡೆಯದೆ ಅಂದೇ ಬನ್ನಿ. ಒಳಗೆ ಮೂಳೆ ಕೀಲುಗಳು ಕುಸಿಯುತ್ತಿರುವ ಸೂಚನೆ ಅದಾಗಿರಬಹುದು.

ದಿನಕ್ಕೊಮ್ಮೆ, ಮಲಗುವ ಮುನ್ನ, ಯಾರಾದರೂ ಒಬ್ಬರು ಅವರ ಅಂಗಾಲು, ಬೆರಳ ಸಂದು, ಹಿಮ್ಮಡಿ ನೋಡುವ ಪದ್ಧತಿ ಇಟ್ಟುಕೊಳ್ಳಿ. ಒಬ್ಬರೇ ಇರುವವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಿಕೊಳ್ಳಬಹುದು. ಬೊಬ್ಬೆ, ಬಿರುಕು, ಕಪ್ಪಾದ ಚರ್ಮ, ದುರ್ವಾಸನೆ ಕಂಡರೆ ಅರಿಶಿನ, ಸುಣ್ಣ, ಬ್ಲೇಡು ಯಾವುದನ್ನೂ ಹಚ್ಚಲು ಹೋಗಬೇಡಿ. ಶುದ್ಧ ನೀರಿನಿಂದ ತೊಳೆದು, ಒಣ ಶುಭ್ರ ಬಟ್ಟೆ ಸುತ್ತಿ, ಆ ಕಾಲಿನ ಮೇಲೆ ಭಾರ ಹಾಕದೆ ಆಸ್ಪತ್ರೆಗೆ ಕರೆತನ್ನಿ. ಬರುವಾಗ ಆ ದಿನ ಹಾಕಿದ್ದ ಚಪ್ಪಲಿಯನ್ನು ತೊಳೆಯದೆ ಹಾಗೆಯೇ ಒಂದು ಚೀಲದಲ್ಲಿ ತನ್ನಿ. ಗಾಯ ಎಲ್ಲಿಂದ ಶುರುವಾಯಿತು, ಭಾರ ಎಲ್ಲಿ ಬಿದ್ದಿದೆ ಎಂಬುದು ಅದರ ಅಟ್ಟೆಯ ಗುರುತಿನಲ್ಲಿ ನಮಗೆ ಕಾಣುತ್ತದೆ.